ಬಿಎಫ್‌ಸಿ ಕೋಚ್‌ಗಳಲ್ಲಿ ಮೊದಲ ಸ್ಥಾನ ಯಾರಿಗೆ? ಕಪ್ ಎಣಿಸಿದರೆ ಸಾಕಾ?

ಹಲಸೂರು_ಹಾಫ್‌ಬ್ಯಾಕ್

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಕ್ಲಬ್ 2013ರಲ್ಲಿ ಶುರುವಾದಾಗಿನಿಂದ 2024–25ರ ಸೀಸನ್ ಮುಗಿಯುವವರೆಗಿನ ಕೋಚ್‌ಗಳನ್ನು ಸಾಲಾಗಿ ನಿಲ್ಲಿಸಬೇಕು. ಹಂಗಾಮಿಯಾಗಿ ಬಂದವರನ್ನು ಬಿಟ್ಟರೆ ಆರು ಜನ: ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್, ಪೆಜ್ಜಾಯುವೊಲಿ, ಗ್ರೇಸನ್, ಜರಗೋಜಾ.

ಬರೀ ಕಪ್ ಎಣಿಸಿದರೆ ವೆಸ್ಟ್‌ವುಡ್‌ಗೆ ಮೂರು (ಆಗಿನ ರಾಷ್ಟ್ರೀಯ ಲೀಗ್ ಐ-ಲೀಗ್ ಎರಡು, ಫೆಡರೇಷನ್ ಕಪ್ ಒಂದು), ರೋಕಾಗೆ ಎರಡು (2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್), ಕ್ವಾದ್ರಾತ್‌ಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), ಗ್ರೇಸನ್‌ಗೆ ಡುರಾಂಡ್ ಕಪ್. ಆದರೆ ಮೂರು ಕಡೆ ಈ ಲೆಕ್ಕ ಸಿಕ್ಕಿಹಾಕಿಕೊಳ್ಳುತ್ತದೆ. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಫೈನಲ್ ಯಾರ ಖಾತೆಗೆ? 2018–19ರಲ್ಲಿ ಗೆದ್ದದ್ದು ಕ್ವಾದ್ರಾತ್ ಕಟ್ಟಿದ ತಂಡವೋ, ರೋಕಾ ಬಿಟ್ಟುಹೋದ ತಂಡವೋ? ಕಪ್ ಗೆದ್ದ ಗ್ರೇಸನ್ ಮೇಲೋ, ಗೆಲ್ಲದ ಜರಗೋಜಾ ಮೇಲೋ?

ಅಶೋಕನಗರ_ಸ್ಟ್ಯಾಂಡ್

ಮೊದಲು ಲೀಗ್ ಪಂದ್ಯಗಳ ಸರಾಸರಿ ತೆಗೆಯಿರಿ. ನಾಕೌಟ್‌ನಲ್ಲಿ ಒಂದು ಕಾರ್ನರ್, ಒಂದು ಪೆನಾಲ್ಟಿ ಇಡೀ ವರ್ಷದ ಕಥೆ ಬದಲಿಸಿಬಿಡುತ್ತದೆ. ಲೀಗ್‌ನಲ್ಲಿ ಹಾಗಾಗುವುದು ಕಡಿಮೆ.

ವೆಸ್ಟ್‌ವುಡ್: 2013–14ರಲ್ಲಿ 24 ಪಂದ್ಯಕ್ಕೆ 47 ಅಂಕ, ಮರುವರ್ಷ 20ಕ್ಕೆ 37, 2015–16ರಲ್ಲಿ 16ಕ್ಕೆ 32. ಒಟ್ಟು 60 ಪಂದ್ಯ, 116 ಅಂಕ, ಅಂದರೆ ಪಂದ್ಯಕ್ಕೆ 1.93. ರೋಕಾ: 2016–17ರ ಐ-ಲೀಗ್‌ನಲ್ಲಿ 18ಕ್ಕೆ 30, ಐಎಸ್‌ಎಲ್‌ನ ಮೊದಲ ವರ್ಷ 18ಕ್ಕೆ 40. ಪಂದ್ಯಕ್ಕೆ 1.94. ಇಬ್ಬರೂ ಹೆಚ್ಚುಕಡಿಮೆ ಒಂದೇ ಗೆರೆ ಮೇಲಿದ್ದಾರೆ. ಕ್ವಾದ್ರಾತ್ ಮೊದಲ ಎರಡು ಸೀಸನ್‌ನಲ್ಲಿ ತಲಾ 18 ಪಂದ್ಯಕ್ಕೆ 34 ಮತ್ತು 30, ಕೊನೆಯ ಅರೆ ಸೀಸನ್‌ನಲ್ಲಿ 9 ಪಂದ್ಯಕ್ಕೆ 12, ಸೇರಿಸಿದರೆ 1.69.

ಈ ಅಂಕಿಗಳನ್ನು ಹಾಗೇ ಪಕ್ಕಪಕ್ಕ ಇಡಬಾರದು. ವೆಸ್ಟ್‌ವುಡ್ ಕಾಲದ ಐ-ಲೀಗ್‌ನಲ್ಲಿ ನಾಲ್ಕೇ ವಿದೇಶಿ ಆಟಗಾರರು, ಅದರಲ್ಲೂ ಒಬ್ಬ ಏಷ್ಯಾದವನಾಗಿರಬೇಕಿತ್ತು. ರೋಕಾ ಐಎಸ್‌ಎಲ್‌ಗೆ ಬಂದಾಗ ಐವರನ್ನು ಇಳಿಸಬಹುದಿತ್ತು. ಹಾಗಾಗಿ ವೆಸ್ಟ್‌ವುಡ್‌ಗೆ ಏಳು ಭಾರತೀಯರನ್ನು ಗಟ್ಟಿಮಾಡದೆ ವಿಧಿಯಿರಲಿಲ್ಲ. ರಿನೋ ಆಂಟೊ, ಯೂಜಿನ್‌ಸನ್ ಲಿಂಗ್ಡೊ, ಸಿ.ಕೆ. ವಿನೀತ್, ಉದಾಂತ ಎಲ್ಲರೂ ಬೆಳೆದದ್ದು ಆಗಲೇ. ಏನೂ ಇಲ್ಲದ ಕಡೆ, ಅಶೋಕನಗರದ ಸ್ಟೇಡಿಯಂನಲ್ಲಿ ಶುರುಮಾಡಿ, ಮೊದಲ ವರ್ಷವೇ ಕೋಲ್ಕತ್ತ ಮತ್ತು ಗೋವಾದ ಹಳೇ ಕ್ಲಬ್‌ಗಳನ್ನು ಹಿಂದೆ ಹಾಕಿದ ಕೆಲಸಕ್ಕೆ ಹೆಚ್ಚು ತೂಕ ಕೊಡಲೇಬೇಕು.

ಎಎಫ್‌ಸಿ ಕಪ್ ವಿಷಯ: ಗುಂಪಿನ ಹಂತ ದಾಟಿಸಿ, ಹಾಂಗ್‌ಕಾಂಗ್‌ನಲ್ಲಿ ಕಿಚೀಯನ್ನು 3–2ರಿಂದ ಹೊರಹಾಕಿದ್ದು ವೆಸ್ಟ್‌ವುಡ್. ಆಮೇಲೆ ಬಂದ ರೋಕಾ ಕ್ವಾರ್ಟರ್‌ನಲ್ಲಿ ಟ್ಯಾಂಪಿನ್ಸ್, ಸೆಮಿಯಲ್ಲಿ ಹಾಲಿ ಚಾಂಪಿಯನ್ ಜೊಹೋರ್ ತಂಡವನ್ನು ಕೆಡವಿದರು. ಕಂಠೀರವದ ಆ 3–1 ಈ ಕ್ಲಬ್ ಆಡಿದ ಅತ್ಯುತ್ತಮ ಪಂದ್ಯ ಅಂತಲೇ ನನ್ನ ನಂಬಿಕೆ. ಅಂತಹ ಎದುರಾಳಿಯ ಮುಂದೆ ಹಿಂದಿನಿಂದ ಪಾಸ್ ಕಟ್ಟಿಕೊಂಡು ಬರುವ ಧೈರ್ಯ ತಂದವರು ರೋಕಾ. ಆದ್ದರಿಂದ ಫೈನಲ್‌ನ ಮುಕ್ಕಾಲು ಪಾಲು ಅವರದು, ಕಾಲು ಪಾಲು ವೆಸ್ಟ್‌ವುಡ್‌ದು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ 1–0ರಿಂದ ಸೋತದ್ದಕ್ಕೆ ಅಂಕ ಕಳೆಯಬೇಡಿ. ಅಮಾನತಾಗಿದ್ದ ಗೋಲ್‌ಕೀಪರ್ ಅಮರಿಂದರ್ ಬದಲು ರಾಲ್ಟೆ ಗೋಲಿನಲ್ಲಿದ್ದರು.

ನನ್ನ ಸಾಲು: ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್.

ಪ್ರೆಸಿಂಗ್_ಪದ್ಮನಾಭನಗರ

ಅಶೋಕನಗರ ಅವರೇ, ಸರಾಸರಿ ಸರಿ. ಆದರೆ ಕ್ವಾದ್ರಾತ್‌ಗೆ ಅನ್ಯಾಯವಾಗುತ್ತಿದೆ. ಈ ಕ್ಲಬ್ ದೊಡ್ಡ ಪಂದ್ಯಗಳನ್ನು ಕಳೆದುಕೊಂಡಿದ್ದು ಎಲ್ಲಿ ಅಂತ ನೋಡಿ.

2015ರ ಮೇ 31. ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದರೆ ಐ-ಲೀಗ್ ನಮ್ಮದು, ಡ್ರಾ ಆದರೆ ಅವರದು. ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷ, ಕಾರ್ನರ್, ಬೆಲ್ಲೊ ರಝಾಕ್ ಹೆಡರ್, 1–1. 2018ರ ಮಾರ್ಚ್ 17. ಐಎಸ್‌ಎಲ್ ಫೈನಲ್, ಅದೇ ಮೈದಾನ. 9ನೇ ನಿಮಿಷಕ್ಕೆ ಛೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ 17ರಲ್ಲಿ ಒಂದು, 45ರಲ್ಲಿ ಇನ್ನೊಂದು, ಎರಡೂ ಕಾರ್ನರ್‌ನಿಂದ ಹೆಡರ್. ಲೀಗ್‌ನಲ್ಲಿ ಅಷ್ಟು ಮೇಲಿದ್ದ ತಂಡ 3–2ರಿಂದ ಸೋತಿತು. ಒಬ್ಬನೇ ಆಟಗಾರ ಒಂದೇ ರೀತಿಯಲ್ಲಿ ಎರಡು ಸಲ ಹೊಡೆಯುತ್ತಾನೆಂದರೆ ಮೊದಲ ಗೋಲಿನ ಮೇಲೂ ಅವನನ್ನು ಕಾಯುವ ಏರ್ಪಾಟು ಬದಲಾಗಲಿಲ್ಲ ಅಂತಲೇ ಅರ್ಥ. ಇದು ರೋಕಾ ಖಾತೆಯ ದೋಷ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯದಲ್ಲಿ ಗೋವಾದ ಜಾಹೂಗೆ ಎರಡನೇ ಹಳದಿ ಕಾರ್ಡ್, ಎದುರಾಳಿ ಹತ್ತೇ ಜನ. 117ನೇ ನಿಮಿಷದಲ್ಲಿ ಡಿಮಾಸ್ ಕಾರ್ನರ್, ರಾಹುಲ್ ಭೇಕೆ ಹೆಡರ್. ಲೀಗ್ ಪಟ್ಟಿಯಲ್ಲಿ ಮೊದಲಿದ್ದ ತಂಡ ಐಎಸ್‌ಎಲ್ ಕಪ್ಪನ್ನೂ ಎತ್ತಿದ್ದು ಅದೇ ಮೊದಲು. ಛೆಟ್ರಿ, ಮಿಕು, ಡಿಮಾಸ್, ಪಾರ್ತಾಲು, ಹುವಾನಾನ್ ಎಲ್ಲರೂ ರೋಕಾ ತಂಡದವರೇ, ಒಪ್ಪುತ್ತೇನೆ. ಆದರೆ ಆ ತಂಡಕ್ಕೆ ಬಾಲ್ ಇಟ್ಟುಕೊಳ್ಳುವುದು ಮೊದಲೇ ಗೊತ್ತಿತ್ತು. ಗೋಲು ಬಾರದ ದಿನವೂ ಗೆಲ್ಲುವುದನ್ನು ಕಲಿಸಿದ್ದು ಕ್ವಾದ್ರಾತ್. ಮರುವರ್ಷ 18 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 13 ಗೋಲು ಮಾತ್ರ.

ಕೆಟ್ಟಿದ್ದೂ ಅಲ್ಲೇ. ಮಿಕು ಹೋದ ಜಾಗಕ್ಕೆ ಅವನ ತೂಕದ ಸ್ಟ್ರೈಕರ್ ಬರಲಿಲ್ಲ, ಅದೇ 18 ಪಂದ್ಯಗಳಲ್ಲಿ ಹೊಡೆದದ್ದು 22. ಎಟಿಕೆ ವಿರುದ್ಧದ ಸೆಮಿಯಲ್ಲಿ ಇಲ್ಲಿ 1–0 ಗೆಲುವು, ಕೋಲ್ಕತ್ತದಲ್ಲಿ ಆಶಿಕ್ 5ನೇ ನಿಮಿಷಕ್ಕೇ ಹೊಡೆದ. ಅಲ್ಲಿಂದ ಎಟಿಕೆಗೆ ಮೂರು ಬೇಕಿತ್ತು. ನಮ್ಮವರು ಹಿಂದೆ ಸರಿದು ಕೂತರು, ಮೂರೂ ಬಿದ್ದವು. 2021ರ ಜನವರಿಯಲ್ಲಿ ಸತತ ಮೂರು ಸೋಲಾದ ಮೇಲೆ ಕ್ಲಬ್ ಬಿಟ್ಟರು.

ನನ್ನ ಪಟ್ಟಿಯಲ್ಲಿ ವೆಸ್ಟ್‌ವುಡ್ ಮೊದಲು, ಕ್ವಾದ್ರಾತ್ ಎರಡು, ರೋಕಾ ಮೂರು.

ವಿಂಗ್‌ಬ್ಯಾಕ್_ವಿಜಯನಗರ

ಗ್ರೇಸನ್–ಜರಗೋಜಾ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ಗ್ರೇಸನ್‌ರ 2022–23 ಚಿಕ್ಕದಲ್ಲ. ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಡುರಾಂಡ್. ಲೀಗ್‌ನ ಕೊನೆಯಲ್ಲಿ ಸತತ ಎಂಟು ಗೆಲುವು, 34 ಅಂಕ, ನಾಲ್ಕನೇ ಸ್ಥಾನ. ಹಿಂದೆ ಮೂವರನ್ನು ನಿಲ್ಲಿಸಿ, ರೋಶನ್‌ಗೆ ವಿಂಗ್‌ನಲ್ಲಿ ಮೇಲೇರಲು ಬಿಟ್ಟು, ಮುಂದೆ ರಾಯ್ ಕೃಷ್ಣ ಜೊತೆ ಶಿವಶಕ್ತಿ: ಅಲ್ಲಿ ತಂಡ ತಿರುಗಿಕೊಂಡಿತು. ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ, ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾಗೆ ಸೋಲು. ಒಂದೇ ಸೀಸನ್‌ನಲ್ಲಿ ಮೂರೂ ಫೈನಲ್ ಆಡಿದ್ದು ಸಣ್ಣ ಮಾತಲ್ಲ. ಆದರೆ ಮುಂದಿನ ಡಿಸೆಂಬರ್‌ಗೆ ಎಲ್ಲ ಕುಸಿದು, ಕಂಠೀರವದಲ್ಲೇ ಮುಂಬೈಗೆ 4–0 ಸೋತ ಮರುದಿನ ಹೊರಗೆ.

ಜರಗೋಜಾ ಆ ಒಡೆದ ತಂಡವನ್ನು ಹಿಡಿದು 10ನೇ ಸ್ಥಾನದಲ್ಲಿ ಮುಗಿಸಿದರು. ಮರುವರ್ಷ 38 ಅಂಕ, ಮೂರನೇ ಸ್ಥಾನ. ನಾಕೌಟ್‌ನಲ್ಲಿ ಮುಂಬೈಯನ್ನು 5–0ರಿಂದ ಸೋಲಿಸಿ, ಸೆಮಿಯಲ್ಲಿ ಗೋವಾವನ್ನು ದಾಟಿ ಫೈನಲ್. ಬೆಂಗಳೂರಿನದೇ ಹುಡುಗ ವಿನಿತ್ ವೆಂಕಟೇಶ್‌ನನ್ನು ಮೊದಲ ಪಂದ್ಯದಿಂದಲೇ ನಂಬಿ ಆಡಿಸಿದರು, ಈಸ್ಟ್ ಬೆಂಗಾಲ್ ವಿರುದ್ಧ ಅವನದೇ ಗೋಲಿನಿಂದ ಗೆದ್ದೆವು. ಕ್ವಾದ್ರಾತ್ ರೋಕಾಗೆ ಸಹಾಯಕ, ಜರಗೋಜಾ ಕ್ವಾದ್ರಾತ್‌ಗೆ ಸಹಾಯಕ. ಈ ಕೊಂಡಿ 2024–25ರಲ್ಲೂ ಕಡಿದಿರಲಿಲ್ಲ ಅನ್ನುವುದನ್ನೂ ರೋಕಾ ಲೆಕ್ಕಕ್ಕೆ ಸೇರಿಸಿ.

ಕಪ್ ಇರುವುದರಿಂದ ಗ್ರೇಸನ್ ನಾಲ್ಕು, ಕೂದಲೆಳೆಯಲ್ಲಿ ಜರಗೋಜಾ ಐದು.

ಹಲಸೂರು_ಹಾಫ್‌ಬ್ಯಾಕ್

ಹಾಗಾದರೆ ಪೆಜ್ಜಾಯುವೊಲಿ ಕೊನೆಗೇ? ಕ್ವಾದ್ರಾತ್ ಹೋದ ಮೇಲೆ ಹಂಗಾಮಿಯಾಗಿ ಬಂದ ಮೂಸಾ ಅವರನ್ನು ಎಲ್ಲಿಡೋದು?

ಅಶೋಕನಗರ_ಸ್ಟ್ಯಾಂಡ್

ಮೂಸಾ ಅವರನ್ನು ಇಡುವುದೇ ಬೇಡ. ಅರ್ಧದಲ್ಲಿ ಕೈಗಿತ್ತ ತಂಡವನ್ನು ಏಳನೇ ಸ್ಥಾನದಲ್ಲಿ ಮುಗಿಸಿದರು, ಅಷ್ಟೇ ಪಂದ್ಯಗಳಲ್ಲಿ ತೀರ್ಪು ಕೊಡಲಾಗದು.

ಪೆಜ್ಜಾಯುವೊಲಿ ಆರನೆಯವರೇ. ಆದರೆ ಒಂದು ಗಮನಿಸಿ: 2021–22ರಲ್ಲಿ 20 ಪಂದ್ಯಕ್ಕೆ 29 ಅಂಕ, ಆರನೇ ಸ್ಥಾನ. ಆಗ ಮುಂದೆ ಹೋಗುತ್ತಿದ್ದದ್ದು ನಾಲ್ಕೇ ತಂಡ. ಮರುವರ್ಷದಿಂದ ಆರು ತಂಡಗಳಿಗೆ ಅವಕಾಶ ಸಿಕ್ಕಿತು. ಒಂದು ವರ್ಷ ಮೊದಲೇ ಆ ನಿಯಮ ಬಂದಿದ್ದರೆ ಅವರೂ ನಾಕೌಟ್ ಆಡುತ್ತಿದ್ದರು. ರೋಶನ್ ಆ ಸೀಸನ್‌ನ ಉದಯೋನ್ಮುಖ ಆಟಗಾರನಾದದ್ದು ಅವರ ಕೈಕೆಳಗೆ, ಗ್ರೇಸನ್ ಬಳಸಿಕೊಂಡದ್ದು ಅದೇ ರೋಶನ್‌ನನ್ನು.