ಭಾಷೆ ಬದಲಿಸುವ ‘ಶಾರ್ಟ್‌ಕಟ್ ಕೀ’ಗೆ ಕನ್ನಡ ಪದ: ಇಂದು ಸಂಜೆಯೊಳಗೆ ಬೇಕು

ಉಡುಪಿಯಿಂದ:

ನಮ್ಮ ಗ್ರಂಥಾಲಯದ ಕಂಪ್ಯೂಟರ್ ಕೋಣೆಗೆ ಸೂಚನಾ ಫಲಕ ಬರೆಯಬೇಕು, ಐದು ಗಂಟೆಗೆ ಲ್ಯಾಮಿನೇಶನ್‌ಗೆ ಕೊಡಬೇಕು. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ವಿಂಡೋಸ್ ಟೈಪಿಂಗ್ ಭಾಷೆಯನ್ನು ಬದಲಿಸಿಬಿಡುತ್ತದೆ. ಅರ್ಜಿ ಬರೆಯಲು ಬಂದವರ ಬೆರಳು ತಪ್ಪಿ ತಾಗುತ್ತದೆ, ಕನ್ನಡದ ನಡುವೆ ಇಂಗ್ಲಿಷ್ ಅಕ್ಷರ ಬೀಳುತ್ತದೆ, ಕಂಪ್ಯೂಟರ್ ಹಾಳಾಯಿತೆಂದು ಹೆದರಿ ಎದ್ದು ಹೋಗುತ್ತಾರೆ. ಹಾಗಾಗಿ ಅದನ್ನು ತೆಗೆದಿದ್ದೇವೆ. ‘ಭಾಷಾ ಬದಲಾವಣೆಯ ಅಡ್ಡದಾರಿ ಕೀಲಿಯನ್ನು ನಿಷ್ಕ್ರಿಯಗೊಳಿಸಲಾಗಿದೆ’ ಎಂದು ಬರೆದೆ. ನನಗೇ ಓದಲಾಗಲಿಲ್ಲ. ಸರಿಯಾದ ಪದ ತಿಳಿಸಿ.

ಮಂಗಳೂರಿನಿಂದ:

‘ಅಡ್ಡದಾರಿ’ ಕೂಡದು. ಅಡ್ಡದಾರಿ ಹಿಡಿದವನನ್ನು ಯಾರೂ ಮೆಚ್ಚುವುದಿಲ್ಲ. ಹತ್ತಿರದ ದಾರಿಗೆ ‘ಒಳದಾರಿ’ ಇದೆ, ಆದರೆ ಇಲ್ಲಿ ದಾರಿಯೇ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪು ‘ಕೀಲಿ’. ಧಾರವಾಡದ ಕಡೆ ‘ಕೀಲಿ ಹಾಕಿ’ ಎಂದು ಹೇಳಿ ನೋಡಿ, ಬಾಗಿಲಿಗೆ ಬೀಗ ಬೀಳುತ್ತದೆ. ಕೀಲಿ ಎಂದರೆ ಬೀಗ, ತೆರೆಯುವುದು ಕೀಲಿಕೈ. ನಾವು ‘ಬೀಗದ ಕೈ’ ಎನ್ನುವುದೂ ಅದೇ ಅಚ್ಚಿನಲ್ಲಿ. ಹಾಗಾದರೆ ಕೀಬೋರ್ಡಿಗೆ ಹೇಳುವ ‘ಕೀಲಿಮಣೆ’ ಬೀಗಗಳ ಮಣೆಯಾಯಿತು! ಇಂಗ್ಲಿಷಿನ ‘ಕೀ’ಯ ಸದ್ದಿಗೆ ಮರುಳಾಗಿದ್ದೇವೆ ಎಂದೇ ನನ್ನ ನಂಬಿಕೆ. ‘ಮಣೆ’ ಮಾತ್ರ ಚಿನ್ನದಂಥ ಪದ. ಚೆನ್ನೆಮಣೆಯ ಎರಡು ಸಾಲು, ಹದಿನಾಲ್ಕು ಗುಳಿಗಳ ಮೇಲೆ ಬೆರಳಾಡಿಸಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮಣೆ ಉಳಿಯಲಿ, ಕೀಲಿ ಹೋಗಲಿ, ‘ಒತ್ತುಗುಂಡಿ’ ಬರೆಯಿರಿ. ‘ನಿಷ್ಕ್ರಿಯಗೊಳಿಸಲಾಗಿದೆ’ ಸುತ್ತೋಲೆಯ ಕನ್ನಡ. ‘ತೆಗೆದಿದ್ದೇವೆ’ ಎಂದು ನೀವೇ ಬರೆದಿದ್ದೀರಲ್ಲ, ಅದನ್ನೇ ಹಾಕಿ.

ಮಣಿಪಾಲದಿಂದ:

ಮಾಸ್ತರೇ, ಒಪ್ಪುವುದಿಲ್ಲ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲೇ ನಾನು ಕನ್ನಡ ಟೈಪಿಂಗ್ ಕಲಿತದ್ದು, ಅದನ್ನು ಕೀಲಿಮಣೆ ಎಂದೇ ಕಲಿತದ್ದು. ಬಳಕೆಯಲ್ಲಿ ಬೇರೂರಿದ ಪದವನ್ನು ಧಾರವಾಡದ ಬಾಗಿಲು ತೋರಿಸಿ ಕೀಳಬೇಡಿ. ನಮ್ಮ ಮನೆಗಳ ‘ಚಾವಿ’ ಪೋರ್ಚುಗೀಸರಿಂದ ಬಂತು, ‘ಬದಲು’ ಅರಬ್ಬಿಯಿಂದ ಬಂತು. ಅವನ್ನೂ ಓಡಿಸುವಿರಾ? 1894ರಲ್ಲಿ ನಿಮ್ಮದೇ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ ನಿಘಂಟಿನಲ್ಲಿ ಎರವಲು ಪದಗಳಿಗೂ ಜಾಗವಿದೆ.

‘ತೆಗೆದಿದ್ದೇವೆ’ ಅರ್ಥದಲ್ಲೂ ತಪ್ಪು. ಕೀಲಿಗಳು ಅಲ್ಲೇ ಇವೆ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಆ ಜೋಡಿಗೆ ‘ನಿಯೋಜಿಸಿಲ್ಲ’ ಎಂಬ ಆಯ್ಕೆ ಕೊಡುತ್ತೇವೆ, ಬೇಕಾದಾಗ ಮರಳಿ ನಿಯೋಜಿಸಬಹುದು. ಒಂದು ಕೆಲಸದಿಂದ ಬಿಡಿಸಿದಂತೆ. ‘ಬಿಡಿಸಿದ್ದೇವೆ’ ಎನ್ನಿ. ಇನ್ನೊಂದು ಮಾತು: ಆಲ್ಟ್–ಶಿಫ್ಟ್ ಬಿಡಿಸಿದರೂ ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ‘ಭಾಷೆ ಬದಲಾಗುವುದಿಲ್ಲ’ ಎಂದಷ್ಟೇ ಬರೆದರೆ ಫಲಕವೇ ಸುಳ್ಳಾಗುತ್ತದೆ.

ಮಂಗಳೂರಿನಿಂದ:

ಚಾವಿಯನ್ನು ಓಡಿಸಿ ಎಂದು ನಾನು ಹೇಳಲಿಲ್ಲ. ಜನರ ಬಾಯಲ್ಲಿ ಸವೆದು ನುಣುಪಾದ ಎರವಲು ಬೇರೆ, ಮೇಜಿನ ಮುಂದೆ ಕೂತು ಹೊಸೆದ ಪದ ಬೇರೆ. ನನ್ನ ಜಗಳ ಎರಡನೆಯದರ ಜೊತೆ. ‘ಬಿಡಿಸಿದ್ದೇವೆ’ ಕೇಳಿದವರಿಗೆ ನೆನಪಾಗುವುದು ಹಲಸಿನ ತೊಳೆ. ಬೇಡ.

ಉಡುಪಿಯಿಂದ:

ಮಾಸ್ತರೇ, ಅಕ್ಕ, ಇಬ್ಬರಿಗೂ ನಮಸ್ಕಾರ. ಗಂಟೆ ನಾಲ್ಕೂವರೆ. ಹೀಗೆ ಬರೆದು ಕೊಡುತ್ತಿದ್ದೇನೆ: ‘ಈ ಕಂಪ್ಯೂಟರಿನಲ್ಲಿ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುವುದಿಲ್ಲ. ಬದಲಿಸಬೇಕಾದರೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ.’ ಫಲಕಕ್ಕೆ ಪದದ ಅಗತ್ಯವೇ ಬರಲಿಲ್ಲ. ಆದರೆ ಮುಂದಿನ ವಾರ ಕೈಪಿಡಿ ಬರೆಯಬೇಕು, ಅಲ್ಲಿ ‘ಶಾರ್ಟ್‌ಕಟ್ ಕೀ’ ಪುಟಪುಟದಲ್ಲೂ ಬರುತ್ತದೆ. ‘ಜೋಡಿಕೀಲಿ’ ನಡೆದೀತೇ?