ಅರಣ್ಯ ಹಕ್ಕು: ‘ಮಂಜೂರು’, ‘ಮಾನ್ಯ’, ‘ಕಬೂಲ್’ – ಯಾವುದು ಸರಿ?

ಗೆಳೆಯರೇ, ನಮಸ್ಕಾರ.

ಒಂದೇ ಒಂದು ಪದದ ಹಿಂದೆ ಎರಡು ವಾರದಿಂದ ಬಿದ್ದಿದ್ದೇನೆ. ನಿಮ್ಮ ನೆರವು ಬೇಕು.

ಧಾರವಾಡದಲ್ಲಿ ನಾವು ನಾಲ್ಕೈದು ಜನ ಸೇರಿ ಅರಣ್ಯ ಹಕ್ಕು ಕಾಯ್ದೆ ಬಗ್ಗೆ ಎಂಟು ಪುಟದ ಕೈಪಿಡಿ ಮಾಡುತ್ತಿದ್ದೇವೆ. ಕಲಘಟಗಿ ತಾಲೂಕಿನ ಕಾಡಂಚಿನ ಊರುಗಳಿಗೆ. ಓದುವವರಲ್ಲಿ ಸಿದ್ದಿಗಳಿದ್ದಾರೆ, ಗೌಳಿಗಳಿದ್ದಾರೆ. 2006ರ ಈ ಕಾಯ್ದೆಯ ಹೆಸರಲ್ಲೇ ಹಕ್ಕುಗಳ ‘ಮಾನ್ಯತೆ’ ಅಂತ ಇದೆ. ಆದರೆ ಊರಲ್ಲಿ, ಕಚೇರಿಯಲ್ಲಿ, ಪೇಪರಿನಲ್ಲಿ ಕೇಳುವ ಮಾತೇ ಬೇರೆ: ‘ಜಮೀನು ಮಂಜೂರಾಯ್ತು’, ‘ಹಕ್ಕುಪತ್ರ ಹಂಚಿದರು’, ‘ಪಟ್ಟಾ ಕೊಟ್ಟರು’. ನನ್ನ ಮೊದಲ ಕರಡಿನಲ್ಲೂ ‘ಮಂಜೂರು’ ಅಂತಲೇ ಇತ್ತು. ಎಲ್ಲರಿಗೂ ಗೊತ್ತಿರುವ ಪದ, ಸುಮ್ನೆ ಯಾಕೆ ಬದಲಿಸಬೇಕು ಅಂದುಕೊಂಡಿದ್ದೆ.

ಈಗ ಹಾಗೆ ಅನಿಸುತ್ತಿಲ್ಲ. ಸಾಲ ಮಂಜೂರಾಗುತ್ತದೆ, ರಜೆ ಮಂಜೂರಾಗುತ್ತದೆ, ಮನೆ ಮಂಜೂರಾಗುತ್ತದೆ. ಕೊಡುವವನ ಹತ್ತಿರ ಮೊದಲು ಇದ್ದರೆ ತಾನೇ ಮಂಜೂರು ಮಾಡುವುದು? ಅರಬ್ಬಿ ಮೂಲದಲ್ಲಿ ಈ ಪದದ ಅರ್ಥ ‘ನೋಡಿದ್ದು’ ಅಂತ. ‘ನಜರು’ ಕೂಡ ಅದೇ ಬೇರಿನದು. ಮೇಲಿನವರ ನಜರು ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಗರ್ ಹುಕುಂ ಸಾಗುವಳಿಗೆ ಈ ಪದ ಒಪ್ಪುತ್ತದೆ. ಅಲ್ಲಿ ಜಮೀನು ಸರ್ಕಾರದ್ದು, ಸರ್ಕಾರ ಕೊಡುತ್ತದೆ. ಅರಣ್ಯ ಹಕ್ಕಿನ ಕತೆ ಹಾಗಲ್ಲ. ಕಾಡಲ್ಲಿ ಬಾಳಿದವರ ಹಕ್ಕನ್ನು ಬ್ರಿಟಿಷರ ಕಾಲದಲ್ಲೂ ಆಮೇಲೂ ಸರಿಯಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ, ಇದು ಚಾರಿತ್ರಿಕ ಅನ್ಯಾಯ ಅಂತ ಕಾಯ್ದೆಯ ಪೀಠಿಕೆಯೇ ಹೇಳುತ್ತದೆ. ಅಂದರೆ ಹಕ್ಕು ಮೊದಲೇ ಇತ್ತು, ಕಾಗದ ಇರಲಿಲ್ಲ.

ಬೇರೆ ದೇಶಗಳಲ್ಲೂ ಜಗಳ ಇದೇ ಜಾಗದಲ್ಲಿ ನಡೆದಿದೆ. ಆಸ್ಟ್ರೇಲಿಯಾದ ಉನ್ನತ ನ್ಯಾಯಾಲಯ 1992ರ ಮಾಬೊ ತೀರ್ಪಿನಲ್ಲಿ, ಆ ನೆಲ ‘ಯಾರದ್ದೂ ಆಗಿರಲಿಲ್ಲ’ ಎಂಬ ಹಳೆಯ ವಾದವನ್ನು ತಳ್ಳಿಹಾಕಿತು. ಅಲ್ಲಿನ ಮರ್ರೇ ದ್ವೀಪದ ಮೆರಿಯಂ ಜನರ ಹಕ್ಕು ಅವರದೇ ಕಟ್ಟುಕಟ್ಟಳೆಯಿಂದ ಬಂದದ್ದು, ಬ್ರಿಟಿಷ್ ದೊರೆತನ ಕೊಟ್ಟದ್ದಲ್ಲ ಅಂತ ಹೇಳಿತು. ಅದನ್ನು ಕನ್ನಡದಲ್ಲಿ ‘ನ್ಯಾಯಾಲಯ ಹಕ್ಕು ಮಂಜೂರು ಮಾಡಿತು’ ಅಂತ ಬರೆದರೆ ತೀರ್ಪೇ ತಲೆಕೆಳಗಾಗುತ್ತದೆ.

ಹಾಗಾಗಿ ‘ಮಂಜೂರು’ ತೆಗೆದು ‘ಮಾನ್ಯತೆ’ ಹಾಕಿದೆ. ಕರಡು ಹಿಡಿದು ಕಲಘಟಗಿ ಕಡೆ ಒಂದು ಊರಿಗೆ ಹೋದೆ. ಒಬ್ಬ ಸಿದ್ದಿ ಆಯಿ ಕಟ್ಟೆ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ಕೌದಿಯ ಮೂಲೆಗೆ ಮಡಚಿದ ಬಟ್ಟೆಯ ಚಿಕ್ಕ ಹೂವು ಕೂರಿಸುತ್ತಾ, ಕಣ್ಣು ಎತ್ತದೆ ಕೇಳುತ್ತಿದ್ದರು. ‘ನಿಮ್ಮ ಹಕ್ಕಿಗೆ ಮಾನ್ಯತೆ ಸಿಗುತ್ತದೆ’ ಅಂತ ಓದಿದೆ.

“ಮಾನ್ಯತೆ ಅಂದ್ರ ಸಾಲಿಗೆ ಇರ್ತೈತಲ್ಲ, ಅದೇನು? ಅದು ರದ್ದೂ ಆಗತೈತಲ್ಲ ಮತ್ತ?”

ಶಾಲೆಯ ಮಾನ್ಯತೆಯ ಹಾಗೆ ಇದೂ ರದ್ದಾಗಬಹುದು ಅನಿಸೀತು ಎಂಬ ಯೋಚನೆ ನನಗೆ ಬಂದೇ ಇರಲಿಲ್ಲ. ‘ಹಕ್ಕನ್ನು ಗುರುತಿಸುತ್ತಾರೆ’ ಅಂದೆ. “ಅಂದ್ರ ಬಂದು ಕಲ್ಲು ನೆಡ್ತಾರೇನು?” ಅಂದರು. ಗುರುತು ಅಂದರೆ ಅಲ್ಲಿ ಸರ್ವೆಯ ಗುರುತು. ಕೊನೆಗೆ ಪದ ಹುಡುಕುವುದು ಬಿಟ್ಟು ಬಿಡಿಸಿ ಹೇಳಿದೆ: ಈ ಹೊಲ ನೀವು ಮೊದಲಿಂದ ಮಾಡಿಕೊಂಡು ಬಂದಿದ್ದೀರಿ, ಅದು ಖರೇ ಅಂತ ಸರ್ಕಾರ ಹೇಳುತ್ತದೆ.

ಆಯಿ ಹಲ್ಲಿನಿಂದ ದಾರ ಕಡಿದರು. “ಹಂಗಾರ ಕಬೂಲ್ ಮಾಡತೈತಿ ಅಂತ ಬರಿ ತಮ್ಮಾ. ಇಷ್ಟ ಯಾಕ ಸುತ್ತಿ ಬಳಸಿ ಹೇಳ್ತಿ?”

ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ನಮ್ಮ ಕಡೆ ಸಾಲ ಕಬೂಲ್ ಮಾಡುತ್ತಾರೆ, ತಪ್ಪು ಕಬೂಲ್ ಮಾಡುತ್ತಾರೆ. ಕಬೂಲ್ ಮಾಡುವವನು ಹೊಸದಾಗಿ ಏನೂ ಕೊಡುವುದಿಲ್ಲ. ಇದ್ದದ್ದನ್ನು ಇದೆ ಅನ್ನುತ್ತಾನೆ, ಅಷ್ಟೇ. ತಪ್ಪೊಪ್ಪಿಗೆಯ ಎಳೆಯೂ ಅದರಲ್ಲಿದೆ. ಪೀಠಿಕೆಯೇ ಅನ್ಯಾಯ ಅಂತ ಒಪ್ಪಿರುವಾಗ ಆ ಎಳೆ ಇರಲಿ ಅಂತಲೇ ನನ್ನ ಮನಸ್ಸು. ‘ಒಪ್ಪಿಕೊಳ್ಳು’ ಹತ್ತಿರದ ಪದ, ನಿಜ. ಆದರೆ ‘ಅರ್ಜಿ ಒಪ್ಪಿಕೊಂಡರು’ ಅಂದಾಗ ಮತ್ತೆ ಮಂಜೂರಿನ ವಾಸನೆ ಬರುತ್ತದೆ.

ಒಂದು ಅಡ್ಡಿ ಇದೆ. ಹಳೆಯ ಮುಂಬಯಿ ಪ್ರಾಂತದ ಕಂದಾಯದಲ್ಲಿ ‘ಕಬೂಲಾಯತ’ ಅಂತ ಕಾಗದ ಇತ್ತು. ಕರಾರಿಗೆ ಒಪ್ಪಿದ್ದೇನೆ ಅಂತ ರೈತ ಸರ್ಕಾರಕ್ಕೆ ಬರೆದುಕೊಡುತ್ತಿದ್ದ. ಇಲ್ಲಿ ಅದು ತಿರುವುಮುರುವು, ಸರ್ಕಾರ ರೈತನಿಗೆ ಕಬೂಲ್ ಕೊಡಬೇಕು. ಹಳೆಯ ಕಾಗದ ಕಂಡವರಿಗೆ ಗೊಂದಲ ಆಗಬಹುದಾ?

‘ಅತಿಕ್ರಮಣದಾರ’ ಪದವನ್ನಂತೂ ಕೈಪಿಡಿಯಿಂದ ಪೂರ್ತಿ ತೆಗೆದಿದ್ದೇನೆ. ಆಯಿಯ ಟ್ರಂಕಿನಲ್ಲಿ ಹಳದಿಗಟ್ಟಿದ ದಂಡದ ರಸೀದಿಗಳಿವೆ, ಒಂದೊಂದರಲ್ಲೂ ಆ ಪದ. ಎಷ್ಟೋ ವರ್ಷ ನಾಚಿಕೆಯಿಂದ ಮುಚ್ಚಿಟ್ಟಿದ್ದರಂತೆ. ಆ ತಾರೀಖಿಗೆ ಅವರು ಅಲ್ಲೇ ಸಾಗುವಳಿ ಮಾಡುತ್ತಿದ್ದರು ಅನ್ನುವುದಕ್ಕೆ ಈಗ ಅವೇ ಸಾಕ್ಷಿ ಆಗಬಹುದು.

‘ಮೂಲನಿವಾಸಿ’ ಕೂಡ ಬಳಸಿಲ್ಲ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಎಷ್ಟೋ ಜನರನ್ನು ಪೋರ್ಚುಗೀಸರು ಗುಲಾಮರಾಗಿ ತಂದದ್ದು. ‘ಪರಿಶಿಷ್ಟ ಪಂಗಡ’ ಅನ್ನುವುದು ಮಾತ್ರ ಅನಿವಾರ್ಯ, ಯಾಕೆಂದರೆ ಆ ಪದದ ಮೇಲೆ ಜೀವನವೇ ನಿಂತಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಆಯಿಯ ತಂಗಿಯನ್ನು ಉತ್ತರ ಕನ್ನಡದ ಯಲ್ಲಾಪುರದ ಕಡೆ ಕೊಟ್ಟಿದ್ದಾರೆ. ಅಲ್ಲಿಯವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಇತ್ತು ಅಂತ ತೋರಿಸಿದರೆ ಸಾಕಿತ್ತು. 2020ರವರೆಗೆ ಪಟ್ಟಿಯಲ್ಲಿಲ್ಲದ ಇಲ್ಲಿಯವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳು. ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಬಾಳಿದ್ದಕ್ಕೆ ಪುರಾವೆ ಕೊಡಬೇಕಿತ್ತು. ಒಂದೇ ತಾಯಿಯ ಮಕ್ಕಳು, ನಡುವೆ ಜಿಲ್ಲೆಯ ಗಡಿ. ಪಟ್ಟಿಗೆ ಸೇರದ ಗೌಳಿಗಳಿಗೆ ಇವತ್ತಿಗೂ 75 ವರ್ಷವೇ.

ನನ್ನ ಪ್ರಶ್ನೆಗೆ ಬರುತ್ತೇನೆ. ಹಾವೇರಿ, ಗದಗ ಕಡೆಯವರೇ, ‘ಸರ್ಕಾರ ನಿಮ್ಮ ಹಕ್ಕು ಕಬೂಲ್ ಮಾಡಬೇಕು’ ಅಂತ ಅಚ್ಚಿನಲ್ಲಿ ಓದಿದರೆ ನಿಮಗೆ ತಟ್ಟನೆ ಏನು ಅನಿಸುತ್ತದೆ? ಚಾಮರಾಜನಗರದ ಕಡೆಯವರು ಯಾರಾದರೂ ಇದ್ದೀರಾ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ 2011ರಲ್ಲಿ ಪತ್ರ ಸಿಕ್ಕಿತಲ್ಲ, ಆ ದಿನದ ಬಗ್ಗೆ ಮನೆಯಲ್ಲಿ ಮಾತಾಡುವಾಗ ಅವರು ಯಾವ ಪದ ಬಳಸುತ್ತಾರೆ? ‘ಕೊಟ್ಟರು’ ಅಂತಲಾ, ‘ಒಪ್ಪಿದರು’ ಅಂತಲಾ, ಇಲ್ಲ ಅವರದೇ ಬೇರೆ ಮಾತಿದೆಯಾ? ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.