ನ್ಯಾವಿಸ್ಟಾರ್ ಎಡವಿದ್ದು ಎಂಜಿನ್‌ನಿಂದಲೋ, ಸೇಲ್ಸ್‌ನಿಂದಲೋ?

ಗಿರೀಶ: (ಫಾರ್ವರ್ಡ್: ಅಮೆರಿಕದ ಟ್ರಕ್ ಕಂಪನಿ ನ್ಯಾವಿಸ್ಟಾರ್ ಬಗ್ಗೆ ಮೇಲಿನ ಹೆಡಿಂಗ್‌ನ ಲೇಖನ) ಓದ್ರಪ್ಪಾ. ಅವರ ಮ್ಯಾಕ್ಸ್‌ಫೋರ್ಸ್ ಎಂಜಿನ್ ಕೆಟ್ಟದ್ದು, ಕಂಪನಿ ನೆಲ ಕಚ್ಚಿತು. ಇಷ್ಟೇ.

ಸುಮಾ: ಇಷ್ಟೇ ಅಲ್ಲ ಗಿರಿ. ಅಲ್ಲಿನ 2010ರ ಹೊಗೆ ನಿಯಮದಲ್ಲಿ ನಾಕ್ಸ್ (ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡ್) ಮಿತಿ ಅಶ್ವಶಕ್ತಿ-ಗಂಟೆಗೆ 0.20 ಗ್ರಾಂ. ಎಂಜಿನ್ ಕಂಪನಿ ಕಮಿನ್ಸ್, ವೋಲ್ವೊ, ಡೈಮ್ಲರ್ ಎಲ್ಲರೂ ಹೊಗೆಗೆ ಯೂರಿಯಾ ಹಾಕಿ ನಾಕ್ಸ್ ಕಳೆಯೋ ಎಸ್‌ಸಿಆರ್ ಹಿಡಿದರು. ಇವರು ಮಾತ್ರ ಬರೀ ಇಜಿಆರ್‌ನಲ್ಲೇ (ಹೊಗೆಯನ್ನೇ ವಾಪಸ್ ಎಂಜಿನ್‌ಗೆ ಬಿಡೋದು) ಮಾಡ್ತೀವಿ ಅಂತ ಪಟ್ಟು ಹಿಡಿದರು. ಯಾಕಂದ್ರೆ ಮಾರೋಕೆ ಸಲೀಸು: ಇನ್ನೊಂದು ಟ್ಯಾಂಕ್ ಬೇಡ, ಯೂರಿಯಾ ತುಂಬೋ ಗೋಜಿಲ್ಲ.

ಪ್ರಕಾಶ: ಉರಿಗೆ ಸೇಲ್ಸ್ ಮಾತು ಗೊತ್ತಾಗಲ್ಲವಲ್ಲ 😄 ಹೊಗೆ ತಣಿಸಿ ಸಿಲಿಂಡರ್‌ಗೆ ವಾಪಸ್ ಬಿಟ್ಟರೆ ಉರಿಯ ತಾಪ ಇಳಿದು ನಾಕ್ಸ್ ಕಡಿಮೆಯಾಗುತ್ತೆ, ಆದರೆ ಮಸಿ ಏರುತ್ತೆ. ಮಸಿ ಮೆತ್ತಿಕೊಂಡು ಇಜಿಆರ್ ವಾಲ್ವ್ ಜಾಮ್. ಮಸಿ ಹಿಡಿಯೋ ಫಿಲ್ಟರ್ (ಡಿಪಿಎಫ್) ಬೇಗ ಕಟ್ಟಿಕೊಂಡು ಪದೇ ಪದೇ ರೀಜನರೇಷನ್ (ಮಸಿ ಸುಟ್ಟು ತೆಗೆಯೋದು), ಅದಕ್ಕೂ ಡೀಸೆಲ್ ಸುಡಬೇಕು. ಹೊಗೆ ತಣಿಸೋ ಕೂಲರ್ ಶಾಖ ತಡೀದೆ ಬಿರುಕು ಬಿಟ್ಟರೆ ಕೂಲಂಟ್ ಒಳಗೆ ಸೋರಿ ಡಿಪಿಎಫ್ ಕೂಡ ಹೋಯ್ತು. ಇಷ್ಟೆಲ್ಲ ಉಳಿಸಿದ್ದು ಏನು? 100 ಲೀಟರ್ ಡೀಸೆಲ್‌ಗೆ 2-3 ಲೀಟರ್ ಯೂರಿಯಾ ದ್ರಾವಣ.

ಗಿರೀಶ: ಅದೇ ನಾನಂದಿದ್ದು!

ಸುಮಾ: ತಡಿ. ಬರೀ ಇಜಿಆರ್‌ನಲ್ಲಿ 0.20 ಅವರು ಮುಟ್ಟಲೇ ಇಲ್ಲ. ಕೊರತೆಯನ್ನು ಹಿಂದೆ ಮಿತಿಗಿಂತ ಕಡಿಮೆ ಹೊಗೆ ಬಿಟ್ಟು ಕೂಡಿಟ್ಟ ಎಮಿಷನ್ ಕ್ರೆಡಿಟ್‌ನಿಂದ ತುಂಬಿಸ್ತಿದ್ದರು. ಹೆಚ್ಚು ಮಾರಿದಷ್ಟೂ ಕ್ರೆಡಿಟ್ ಬೇಗ ಖಾಲಿ. ಇದನ್ನ ವ್ಯಾಪಾರ ಅಂತೀಯಾ? 2012ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ, ಒಂದೊಂದು ಎಂಜಿನ್‌ಗೆ ಗರಿಷ್ಠ 1,919 ಡಾಲರ್ ದಂಡ ಕಟ್ಟಿ ಮಾರೋಕೆ ಬಿಟ್ಟಿತು. ಎದುರಾಳಿ ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ಆ ದಂಡದ ನಿಯಮ ಬಿದ್ದುಹೋಯ್ತು. ಜುಲೈಗೆ ನ್ಯಾವಿಸ್ಟಾರ್ ಯೂರಿಯಾಗೆ ಬಂತು.

ರಾಘು: ಕಮಿನ್ಸ್ ವಿಷಯ ಇಬ್ಬರೂ ಬಿಟ್ರಿ. ಅಲ್ಲಿ ದೊಡ್ಡ ಫ್ಲೀಟ್‌ನವರು ಟ್ರಕ್ ಜೊತೆ ಎಂಜಿನ್ ಯಾವುದು ಅಂತಲೂ ಆರಿಸ್ತಾರೆ. ನ್ಯಾವಿಸ್ಟಾರ್‌ನವರು 2010ಕ್ಕೆ ದೊಡ್ಡ ಹೈವೇ ಟ್ರಕ್‌ಗಳ ಪಟ್ಟಿಯಿಂದ ಕಮಿನ್ಸನ್ನೇ ಕೈಬಿಟ್ಟರು. ಸ್ವಂತ ಎಂಜಿನ್ ಆದರೆ ಮಾರ್ಜಿನ್ನೂ ಬಿಡಿಭಾಗದ ದುಡ್ಡೂ ಮನೆಯಲ್ಲೇ ಉಳಿಯುತ್ತೆ ಅನ್ನೋ ಲೆಕ್ಕ. ಕಮಿನ್ಸೇ ಬೇಕು ಅನ್ನೋನು ಎದುರಾಳಿ ಟ್ರಕ್ ಕೆನ್ವರ್ತ್‌ನ ಡೀಲರ್ ಹತ್ರ ಹೋದ. 2012ರಲ್ಲಿ ಅದೇ ಕಮಿನ್ಸ್ ಬಾಗಿಲು ತಟ್ಟಿದರು.

ಗಿರೀಶ: ಸರಿ, 2012ರಲ್ಲಿ ತಿದ್ದಿಕೊಂಡರಲ್ಲ. ಆಮೇಲೂ ವರ್ಷಗಟ್ಟಲೆ ಯಾಕೆ ಪೆಟ್ಟು?

ರಾಘು: ಸೆಕೆಂಡ್ ಹ್ಯಾಂಡ್ ಗಾಡಿ. ಹೊಸದು ಮಾರುವಾಗಲೇ "ಇಷ್ಟು ವರ್ಷದ ಮೇಲೆ ಇಷ್ಟು ರೇಟಿಗೆ ವಾಪಸ್ ತಗೋತೀವಿ" ಅಂತ ಒಪ್ಪಿರ್ತಾರೆ. 50 ಅಂತ ಬರೆದುಕೊಟ್ಟ ಗಾಡಿಗೆ ಮಾರ್ಕೆಟ್ 35 ಕೊಟ್ಟರೆ ಉಳಿದ 15 ಕಂಪನಿ ತಲೆ ಮೇಲೆ. ಗಾಡಿ ಮಾರಿದ ವರ್ಷದ ಲೆಕ್ಕದಲ್ಲಿ ಇದು ಕಾಣೋದೇ ಇಲ್ಲ. ಯಾರ್ಡ್ ತುಂಬ ಮ್ಯಾಕ್ಸ್‌ಫೋರ್ಸ್ ಗಾಡಿ ನಿಂತಾಗ ಬೆಲೆ ಇನ್ನೂ ಕುಸೀತು. ಅದೂ ಅಲ್ಲದೆ ವಾರಂಟಿ ಖರ್ಚು ಬೇರೆ.

ಗಿರೀಶ: ಎಂಜಿನ್ ಚೆನ್ನಾಗಿದ್ದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ ಬಿಡು.

ಪ್ರಕಾಶ: ಲೋ, ಮ್ಯಾಕ್ಸ್‌ಫೋರ್ಸ್ 13ರ ಮೂಲ ಜರ್ಮನಿಯ ಮಾನ್ ಕಂಪನಿಯ ಡಿ26 ಎಂಜಿನ್ ಕಣೋ. 2017ರಲ್ಲಿ ನ್ಯಾವಿಸ್ಟಾರ್‌ನದೇ ಇಂಟರ್‌ನ್ಯಾಷನಲ್ ಎ26 ಅಂತ ಬಂದಿದ್ದೂ ಅದೇ ಡಿ26 ಬುಡದ್ದೇ, ಎಸ್‌ಸಿಆರ್ ಜೊತೆ.

ಗಿರೀಶ: ಅದೇ ಬ್ಲಾಕಾ?!

ಸುಮಾ: ಅದೇ. ಲೇಖನದ ಹೆಡಿಂಗ್ ಇನ್ನೊಂದು ಸಲ ಓದು 😄